ಒಂದು ದೀರ್ಘ ಕಡಿಮೆ

ಏಪ್ರಿಲ್ 2, ಮಧ್ಯಾಹ್ನ

ಅಕ್ಕಾ,

ನಿನ್ನ ಕಾಗದ ಬಂತು. ಮೂರು ಸಾಲಿನಲ್ಲಿ ಐದು ತಪ್ಪು. ‘ಮೆ ತಿಂಗಳು ಎಲ್ಲರೂ ಬೆಗ ಬನ್ನಿ’ ಎಂದು ಬರೆದಿದ್ದೀಯ. ದೀರ್ಘ ಎಳೆಯುವುದಕ್ಕೆ ನಿಮ್ಮ ಅರಣ್ಯ ಇಲಾಖೆಯ ಅಪ್ಪಣೆ ಬೇಕೇನು? ನಮ್ಮ ಮನೆಯಿಂದ ದೀರ್ಘವಿದ್ದರೂ ‘ಬೇಗ’ ಹೊರಡುವುದು ಕಷ್ಟ, ಅದೂ ಇಲ್ಲದಿದ್ದರೆ ಆಯಿತು ಕತೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಬಿಟ್ಟು ಎಂಟು ತಿಂಗಳಾಯಿತು, ಆದರೂ ನಿನ್ನ ಅಕ್ಷರ ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತದೆ. ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ನೋಡಿ ಕಲಿತುಕೋ.

ಈಗ ಸುದ್ದಿ. ಇವರಿಗೆ ರಜ ಸಿಕ್ಕಿತು! ಮೇ ಹದಿನಾಲ್ಕರಿಂದ ಹತ್ತು ದಿನ. ಲಿಫ್ಟ್ ಕಂಪನಿಯವರು ರಜ ಕೊಡುವುದೆಂದರೆ ಕಲ್ಲಿನಿಂದ ನೀರು ಹಿಂಡಿದ ಹಾಗೆ. ಮನೆಗೆ ಬಂದವರೇ ಟೂಲ್ ಬಾಕ್ಸನ್ನು ದಡ್ ಅಂತ ಇಟ್ಟು, “ವರ್ಷವಿಡೀ ಜನರನ್ನ ಮೇಲೆ ಕಳಿಸಿ ಕಳಿಸಿ ಸಾಕಾಯ್ತು. ಈ ಸಲ ನಾನೇ ಮೇಲೆ ಹೋಗ್ತೀನಿ!” ಅಂದರು. ಅತ್ತೆ ಒಳಗಿನಿಂದ ಓಡಿಬಂದು, “ಬಿಡ್ತು ಅನ್ನೋ! ಬೆಟ್ಟಕ್ಕೆ ಅಂತ ಸೇರಿಸಿ ಹೇಳೋಕೆ ನಾಲಿಗೆ ಸವೆಯುತ್ತಾ?” ಎಂದು ಬೈದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅತ್ತೆ ಬರುವುದಿಲ್ಲವಂತೆ. ಮೊಣಕಾಲು ನೋವು, ಬೆಟ್ಟ ಆಗದು. ಅಂದರೆ ನಾವು ಮೂವರೇ: ಇವರು, ನಾನು, ಏಳು ತಿಂಗಳ ಚಿಲ್ಟಾರಿ. ನೀನು ಅವಳನ್ನು ನೋಡಿದ್ದು ಹುಟ್ಟಿದ ವಾರದಲ್ಲಿ ಅರ್ಧ ದಿನ. ಈಗ ಯಾರ ಕನ್ನಡಕ ಸಿಕ್ಕಿದರೂ ಕಿತ್ತುಕೊಳ್ಳುತ್ತಾಳೆ.

ನಿನ್ನ ಗೋಪುರದ ಹತ್ತಿರ ಫೋನು ಹಿಡಿಯುವುದಿಲ್ಲವಾದ್ದರಿಂದ ಎಲ್ಲವನ್ನೂ ಕಾಗದದಲ್ಲೇ ಕೇಳಬೇಕು. ಹಿಂಬದಿಯಲ್ಲಿ ಹನ್ನೆರಡು ಪ್ರಶ್ನೆಗಳಿವೆ. ಆಸ್ಪತ್ರೆ ಎಷ್ಟು ದೂರ, ನೀರು ಎಲ್ಲಿಯದು, ಜಗುಲಿಗೆ ಕಟಕಟೆ ಇದೆಯೇ, ಇದ್ದರೆ ಕಂಬಿಗಳ ನಡುವಿನ ಸಂದು ಎಷ್ಟು ಬೆರಳಗಲ? ‘ಹೋಗೆ!’ ಎಂದು ತಳ್ಳಿಹಾಕಬೇಡ. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿದರೂ ‘ಹೋಗೆ’, ಜಿರಲೆಗೆ ಹೆದರಿದರೂ ‘ಹೋಗೆ’, ಪರೀಕ್ಷೆಗೆ ಹೆದರಿದರೂ ‘ಹೋಗೆ’. ಈಗ ನಾನೊಬ್ಬಳ ತಾಯಿ. ಮರ್ಯಾದೆಯಾಗಿ ಉತ್ತರ ಬರಬೇಕು.

ನಿನ್ನ ಗುಬ್ಬಿ


ಏಪ್ರಿಲ್ 7

ಗುಬ್ಬಿ,

ನಿನ್ನ ಕೆಂಪು ಪೆನ್ನಿಗೆ ಹೆದರಿ ಈ ಸಲ ದೀರ್ಘ ಎಲ್ಲಾ ಹಾಕಿದ್ದೀನಿ, ಎಣಿಸಿಕೋ. ಒಂದು ಕಾಗದಕ್ಕೆ ಎರಡು ದಿನ ಹಿಡೀತು.

ಆಸ್ಪತ್ರೆ ಜೀಪಿನಲ್ಲಿ ನಲವತ್ತು ನಿಮಿಷ. ನೀರು ಬುಗ್ಗೆಯದ್ದು, ಕುದಿಸಿ ಕೊಡ್ತೀನಿ. ಕಟಕಟೆ ಸಂದು ನಾಲ್ಕು ಬೆರಳು. ಚಿಲ್ಟಾರಿ ತಲೆ ತೂರಲ್ಲ, ಲಿಫ್ಟ್ ಸಾಹೇಬರ ಹೊಟ್ಟೆಯಂತೂ ತೂರೋದೇ ಇಲ್ಲ. ಮಿಕ್ಕ ಒಂಬತ್ತಕ್ಕೆ ಉತ್ತರ ಬೇರೆ ಹಾಳೆಯಲ್ಲಿದೆ.

ನೀವು ಇಳಿಯೋದು ಗೋಪುರದ ಬುಡದಲ್ಲಿರುವ ಎರಡು ಕೋಣೆಯ ಬಂಗಲೆ. ಹಾಸಿಗೆ ಬಿಸಿಲಿಗೆ ಹಾಕಿಸಿದ್ದೀನಿ. ಕಿಟಕಿ ತೆಗೆದರೆ ಮರ, ಮರದ ಹಿಂದೆ ಮರ, ಅದರ ಹಿಂದೆ ಇನ್ನೊಂದು ಬೆಟ್ಟದ ಮರ. ನೋಡೋಕೆ ಬೇರೇನೂ ಇಲ್ಲ. ಬಂದವರು ಎರಡು ದಿನ “ಅಬ್ಬಾ” ಅಂತಾರೆ, ಮೂರನೇ ದಿನದಿಂದ ಬರೀ ನಿದ್ದೆ. ಏನು ಮಾಯವೋ, ಎಂಥವರನ್ನೂ ಇಲ್ಲಿಯ ಗಾಳಿ ಕೆಡವುತ್ತೆ.

ನನಗೆ ಮಾತ್ರ ಆ ಭಾಗ್ಯ ಇಲ್ಲ. ಅರವತ್ತನಾಲ್ಕು ಮೆಟ್ಟಿಲು ಹತ್ತಿ, ಗಂಟೆಗೊಂದು ಸಲ ದುರ್ಬೀನಿನಲ್ಲಿ ನಾಲ್ಕೂ ದಿಕ್ಕು ನೋಡಿ, ಪುಸ್ತಕದಲ್ಲಿ ‘ಹೊಗೆ ಇಲ್ಲ’ ಅಂತ ಬರೆದು ಸಹಿ ಹಾಕಬೇಕು. ಆರು ವರ್ಷವಾಯಿತು. ಹೊಗೆ ಅನ್ನೋ ಪದವನ್ನ ನನ್ನಷ್ಟು ಸಲ ಬರೆದವರು ಈ ಭೂಮಿ ಮೇಲೆ ಯಾರೂ ಇರಲಿಕ್ಕಿಲ್ಲ. ಪುಣ್ಯಕ್ಕೆ ಅದಕ್ಕೆ ದೀರ್ಘ ಬೇಡ. ನನ್ನ ಪಾಳಿ ಮುಗಿದ ಮೇಲೆ ತಾತ ಕೂರ್ತಾನೆ. ಇನ್ನೊಬ್ಬ ಕಾವಲಿನವನು, ಅರವತ್ತು ದಾಟಿದೆ, ಎಲ್ಲರೂ ತಾತ ಅನ್ನೋದೇ.

ಜೀಪು ಸೋಮವಾರ, ಗುರುವಾರ ಅಂಚೆ ಒಯ್ಯುತ್ತೆ. ಇನ್ನೇನಾದರೂ ಕೇಳೋದಿದ್ದರೆ ಕೇಳು.

ಅಕ್ಕ


ಏಪ್ರಿಲ್ 12, ಬೆಳಿಗ್ಗೆ

ಅಕ್ಕಾ,

ಎಪ್ಪತ್ತೆಂಟು ದೀರ್ಘ ಎಣಿಸಿದೆ. ಎರಡು ಬೇಡದ ಕಡೆ ಬಿದ್ದಿವೆ, ಹೋಗಲಿ.

ಟಿಕೆಟ್ ಆಯಿತು. ಇವರು ಮಗುವಿಗೆಂದು ಟೋಪಿ ತಂದಿದ್ದಾರೆ, ಅದು ಇವರ ಮೊಣಕಾಲಿಗೆ ಸರಿಹೋಗುತ್ತದೆ. “ಬೆಳೀತಾಳಲ್ಲ” ಅನ್ನುತ್ತಾರೆ. “ಹದಿನಾಲ್ಕನೇ ತಾರೀಖಿನೊಳಗಾ?” ಅಂದೆ. ಮಂಚದ ಮೇಲೆ ಬ್ಯಾಗು ಬಿಚ್ಚಿಟ್ಟಿದ್ದೇನೆ. ತುಂಬುತ್ತೇನೆ, ತೆಗೆಯುತ್ತೇನೆ, ಮತ್ತೆ ತುಂಬುತ್ತೇನೆ. ನಿನ್ನೆ ಥರ್ಮಾಮೀಟರ್ ಒಂದನ್ನೇ ಮೂರು ಸಲ ತೆಗೆದು ಮೂರು ಸಲ ಇಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ನಾವೇನು ಮಕ್ಕಳನ್ನ ಸಾಕಿಲ್ವಾ ತಾಯಿ? ಇವನನ್ನ ಒಂದು ಸೆರಗಲ್ಲಿ ಸುತ್ತಿಕೊಂಡು ಊರೆಲ್ಲಾ ತಿರುಗಿದ್ದೆ.” ಹಾಗೆಂದವರು ಏನೋ ಹೇಳಲು ಬಾಯಿ ತೆರೆದು, ಹಾಗೇ ಹೋಗಿಬಿಟ್ಟರು.

ನೀನು ಕೇಳೆಂದೆಯಲ್ಲ, ಅದಕ್ಕೇ ಕೇಳಿದ್ದೇನೆ. ಮೂವತ್ತೊಂದು ಆಗಿವೆ. ಮಂಜು ಕೋಣೆಯೊಳಗೆ ಬರುತ್ತದೆಯೇ? ಬಂದರೆ ಮಗುವಿನ ಮೂಗಿಗೆ ಏನಾದರೂ ಆಗುತ್ತದೆಯೇ? ಎತ್ತರದಲ್ಲಿ ಉಸಿರಾಟ ನಿಧಾನವಾಗುತ್ತದೆ ಎಂದು ಎಲ್ಲೋ ಓದಿದೆ. ನಿನ್ನ ಬೆಟ್ಟ ಅಷ್ಟು ಎತ್ತರವೇ? ಜೀಪಿನ ಡ್ರೈವರು ಕುಡಿಯುತ್ತಾನೆಯೇ? ಹದ್ದು ಎಷ್ಟು ತೂಕದವರೆಗೆ ಎತ್ತಬಲ್ಲದು? ನಗಬೇಡ. ಇಪ್ಪತ್ತೆರಡನೆಯದು ಮುಖ್ಯ: ಬಂಗಲೆಯ ಕೋಣೆಗಳ ನಡುವಿನ ಗೋಡೆ ಮೇಲಿನವರೆಗೂ ಇದೆಯೇ, ಒಂದು ಕೋಣೆಯಲ್ಲಿ ಕೂಗಿದರೆ ಇನ್ನೊಂದರಲ್ಲಿ ಕೇಳುತ್ತದೆಯೇ?

ನಿನ್ನ ಪುಸ್ತಕದ ವಿಷಯ ಓದಿ ಖುಷಿಯಾಯಿತು. ನಾನೂ ಒಂದು ಇಟ್ಟಿದ್ದೇನೆ, ಗಂಟೆಗೊಂದು ಸಲ ಬರೆಯುತ್ತೇನೆ. ಮಗುವಿನ ಹಾಲು, ಬಟ್ಟೆ, ಅಂಥದ್ದು. ಅಕ್ಕತಂಗಿಯರಿಬ್ಬರಿಗೂ ಒಂದೇ ಚಟ.

ನಾನು ಚೆನ್ನಾಗಿದ್ದೇನೆ. ನಿದ್ದೆಯೆಲ್ಲ ಚೆನ್ನಾಗಿದೆ. ಬೇಗ ಬರೆ. ಮೂವತ್ತೊಂದಕ್ಕೂ.

ಗುಬ್ಬಿ


ಏಪ್ರಿಲ್ 18

ಗುಬ್ಬಿ,

ಜಿಪು ಹೊರಟು ನಿಂತಿದೆ, ಡ್ರೈವರು ಹಾರನ್ನು ಹೊಡಿತಿದ್ದಾನೆ. ನಿನ್ನ ಪ್ರಶ್ನೆ ಎಲ್ಲಾ ಓದಿದೆ. ಹೊಗೆ. ಈಗ ಬರೆಯೊಕೆ ಪುರುಸೊತ್ತಿಲ್ಲ. ಮಿಕ್ಕಿದ್ದು ಆಮೆಲೆ.

ಅಕ್ಕ


ಏಪ್ರಿಲ್ 22, ಬೆಳಿಗ್ಗೆ ಹತ್ತು ಗಂಟೆ

ಅಕ್ಕಾ,

ನಿನ್ನ ಚೀಟಿ ಸಿಕ್ಕಿತು. ಹೊಗೆ ಯಾವ ದಿಕ್ಕಿನಲ್ಲಿ? ಬಂಗಲೆಯಿಂದ ದೂರವೋ? ನೀನು ಗೋಪುರದ ಮೇಲೆಯೇ ಇರಬೇಡ, ಇಳಿದುಬಿಡು. ಬರೆಯಲು ಪುರುಸೊತ್ತಿಲ್ಲದಷ್ಟು ಗಡಿಬಿಡಿ ಎಂದರೆ ಸಣ್ಣ ಬೆಂಕಿಯಿರಲಾರದು.

ನಮ್ಮ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಇವರಿಗೆ ಕೂಡಲೇ ಹೇಳಿಬಿಟ್ಟೆ, ಕಾಡಿಗೆ ಬೆಂಕಿ ಬಿದ್ದಿದೆ, ಹೋಗುವ ಹಾಗಿಲ್ಲ, ಟಿಕೆಟ್ ವಾಪಸು ಮಾಡಿ ಎಂದು. ಇವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇಲ್ಲಿ ಬೆಂಕಿ ಅಂತ ಎಲ್ಲಿದೆ?”

“ಹೊಗೆ ಅಂದ್ರೆ ಇನ್ನೇನು? ಬೆಂಕಿಯಿಲ್ಲದೆ ಬರುತ್ತಾ?”

“ಇಲಾಖೆ ಆಫೀಸಿಗೆ ಒಂದು ಫೋನ್ ಮಾಡ್ತೀನಿ ತಡಿ.”

“ಬೇಡ. ಬೆಂಕಿ ಆರಿಸ್ತಾ ಇರೋರಿಗೆ ನಿಮ್ಮ ರಜೆ ಚಿಂತೆ ಯಾಕೆ?” ಅಂದೆ.

ಮೊಣಕಾಲಿನ ಟೋಪಿಯನ್ನು ಸುಮ್ಮನೆ ಕಪಾಟಿನಲ್ಲಿಟ್ಟರು. ಪಾಪ ಅನಿಸಿತು. ಆದರೆ ಏನು ಮಾಡುವುದು, ಬೆಂಕಿಯ ಮುಂದೆ ಯಾರ ಮಾತು ನಡೆಯುತ್ತದೆ? ಬ್ಯಾಗು ಖಾಲಿ ಮಾಡಿ ಅಟ್ಟಕ್ಕೆ ಹಾಕಿದೆ. ಎಷ್ಟೋ ದಿನದ ಮೇಲೆ ಇವತ್ತು ಹೊಟ್ಟೆ ಹಸಿಯಿತು. ಮುಂದಿನ ವರ್ಷ ಬಂದರಾಯಿತು. ಆಗ ಮಗುವೂ ದೊಡ್ಡದಾಗಿರುತ್ತದೆ.

ನೀನು ಹುಷಾರು.

ಗುಬ್ಬಿ


ಏಪ್ರಿಲ್ 27

ಯಾವ ಹೊಗೆಯೇ?

ಕಾಡು ಮಜ್ಜಿಗೆ ಹಾಗೆ ತಣ್ಣಗಿದೆ. ಪುಸ್ತಕ ತೆಗೆದು ಹದಿನೆಂಟನೇ ತಾರೀಖು ನೋಡಿದೆ: ಹೊಗೆ ಇಲ್ಲ, ಹೊಗೆ ಇಲ್ಲ, ಹೊಗೆ ಇಲ್ಲ. ನಾನು ಬರೆದಿದ್ದು ‘ಹೋಗೆ’! ಮೂವತ್ತೊಂದು ಪ್ರಶ್ನೆ ಕೇಳ್ತೀಯಲ್ಲ, ಹೋಗೆ, ಅಂತ. ಹದ್ದು ಎಷ್ಟು ತೂಕ ಎತ್ತುತ್ತೆ ಅಂತ ಕೇಳಿದವಳಿಗೆ ಇನ್ನೇನು ಬರೀಲಿ? ದಿನಕ್ಕೆ ಹತ್ತು ಸಲ ಹೊಗೆ ಹೊಗೆ ಅಂತ ಬರೆದ ಕೈ, ದೀರ್ಘ ಬಿಟ್ಟು ಓಡಿದೆ. ತಾತನಿಗೆ ಹೇಳಿದೆ. “ಅಲ್ಲಮ್ಮಾ, ಇಡೀ ಕಾಡನ್ನ ಒಂದು ಗೀಟಲ್ಲಿ ಸುಟ್ಟುಬಿಟ್ಯಲ್ಲ” ಅಂತ ಬೊಚ್ಚುಬಾಯಿ ಬಿಟ್ಟು ನಕ್ಕ.

ನಾನೂ ನಗ್ತಾ ಮೆಟ್ಟಿಲು ಹತ್ತಿದೆ. ನಲವತ್ತನೇ ಮೆಟ್ಟಿಲಲ್ಲಿ ನಿಂತುಬಿಟ್ಟೆ.

ಗುಬ್ಬಿ, ನಾನು ಬಿಟ್ಟ ದೀರ್ಘ ನಿನ್ನ ಕಣ್ಣು ತಪ್ಪಿಸಿದ್ದು ಇದುವರೆಗೆ ಒಂದಾದರೂ ಇದೆಯಾ? ಅಷ್ಟು ಅವಸರದ ಚೀಟಿಯಲ್ಲಿ ಜೀಪಿಗೂ ದೀರ್ಘ ಬಿಟ್ಟಿರ್ತೀನಿ, ಆಮೇಲೆಗೂ ಬಿಟ್ಟಿರ್ತೀನಿ. ಅವನ್ನ ಸರಿಯಾಗಿ ಓದಿಕೊಂಡೆ. ಇದೊಂದನ್ನ ಮಾತ್ರ ನಾನು ಬರೆದ ಹಾಗೇ ಓದಿದೆ. ಕೆಂಪು ಪೆನ್ನಿನಲ್ಲಿ ತಿದ್ದಿದ ಚೀಟಿ ಯಾಕೆ ವಾಪಸು ಬರಲಿಲ್ಲ?

ನಿನ್ನ ನಲವತ್ಮೂರು ಪ್ರಶ್ನೆಗೂ ಉತ್ತರ ಕೊಟ್ಟೇ ಕೊಡ್ತೀನಿ. ನನ್ನದು ಒಂದೇ. ನಿದ್ದೆ ಮಾಡ್ತಿದ್ದೀಯಾ?

ಅಕ್ಕ


ಮೇ 1

ಅಕ್ಕನಿಗೆ,

ಕಾಗದ ತಲುಪಿತು. ಬೆಂಕಿ ಇಲ್ಲವೆಂದು ತಿಳಿದು ಸಂತೋಷ. ಓದುವಾಗ ತಪ್ಪಾಯಿತು, ಕೆಲಸದ ನಡುವೆ ಓದಿದ್ದೆ. ರಜೆಯ ವಿಷಯ ಮುಗಿದುಹೋಗಿದೆ, ಮತ್ತೆ ಎತ್ತಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿದ್ದೆ ಮಾಡುತ್ತಿದ್ದೇನೆ.


ಮೇ 5

ಗುಬ್ಬಿ,

ಕಾರ್ಡು ಬಂತು. ಅಷ್ಟು ಚಿಕ್ಕ ಕಾರ್ಡಿನಲ್ಲಿ ಅರ್ಧ ಜಾಗ ಖಾಲಿ ಬಿಟ್ಟಿದ್ದೀಯ. ಮುಂಚೆ ಅಂಚಿನಲ್ಲೂ ಸುತ್ತ ಬರೀತಿದ್ದೆ, ವಿಳಾಸದ ಮೇಲೆ ಹತ್ತಿ ಪೋಸ್ಟ್‌ಮನ್ ಬೈಯುವಷ್ಟು.

ನಾನು ರಜೆ ವಿಷಯ ಎತ್ತಲ್ಲ. ನನ್ನ ವಿಷಯ ಹೇಳ್ತೀನಿ, ಯಾರಿಗೂ ಹೇಳಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷ ನನಗೆ ತಾತನ ಮೇಲೆ ನಂಬಿಕೆ ಇರಲಿಲ್ಲ. ಅವನ ಪಾಳಿಯಲ್ಲೂ ನಾನು ಮೇಲೇ ಕೂತಿರ್ತಿದ್ದೆ. ಅವನು ಒಂದು ಕಿಟಕಿಯಲ್ಲಿ, ನಾನು ಇನ್ನೊಂದರಲ್ಲಿ. ಮುದುಕನ ಕಣ್ಣು, ತೂಕಡಿಸಿಬಿಟ್ಟರೆ? ಹದಿನೈದು ದಿನ ಹೀಗೇ ಆಯ್ತು. ಹದಿನಾರನೇ ದಿನ ಪೂರ್ವದ ಬೆಟ್ಟದಲ್ಲಿ ಹೊಗೆ ಕಂಡು ವೈರ್‌ಲೆಸ್ಸಿನಲ್ಲಿ ಕೂಗಿಬಿಟ್ಟೆ. ಎರಡು ಗಾಡಿ ಜನ ಓಡಿಹೋದರು. ಅಲ್ಲಿ ಏನೂ ಇರಲಿಲ್ಲ. ನನ್ನ ಕಣ್ಣಿನಲ್ಲೇ ಏನೋ ಮಸುಕು. ನಿದ್ದೆಗೆಟ್ಟ ಕಣ್ಣು ಇಲ್ಲದ ಹೊಗೆ ತೋರಿಸುತ್ತೆ ಕಣೇ.

ತಾತ ಬೈಯಲಿಲ್ಲ. ಪುಸ್ತಕ ತಂದು ಮುಂದಿಟ್ಟ. ಪಾಳಿ ಬದಲಾಗುವಾಗ ಇಬ್ಬರೂ ಬರೆಯೋದು ನಮ್ಮಲ್ಲಿ ಕಟ್ಟುನಿಟ್ಟು. ಇಳಿಯುವವರು ‘ಕಾವಲು ಒಪ್ಪಿಸಿದೆ’ ಅಂತ, ಹತ್ತಿದವರು ‘ಕಾವಲು ವಹಿಸಿಕೊಂಡೆ’ ಅಂತ. ನಾನು ಹದಿನೈದು ದಿನದಿಂದ ಒಪ್ಪಿಸಿದೆ ಅಂತ ಬರೆದೇ ಇರಲಿಲ್ಲ. “ಹಾಕು ಸಹಿ. ಹಾಕಿದ ಮೇಲೆ ಕಾಡು ನಿಂದಲ್ಲ, ನಂದು. ಬೆಂಕಿ ಬಿದ್ರೂ ನಂದು. ಹೋಗಿ ಮಲಕ್ಕೋ” ಅಂದ. ಹಾಕಿದೆ. ಹದಿನಾಲ್ಕು ಗಂಟೆ ಮಲಗಿದೆ ಅಂತ ಆಮೇಲೆ ಗೊತ್ತಾಯಿತು.

ಇಷ್ಟೇ. ನಿನ್ನ ಪುಸ್ತಕದಲ್ಲಿ ಹಾಲು, ಬಟ್ಟೆ ಬಿಟ್ಟು ಇನ್ನೇನು ಬರೀತೀಯ ಅಂತ ನಾನು ಕೇಳಲ್ಲ.

ಅಕ್ಕ


ಮೇ 8, ಮಧ್ಯಾಹ್ನ ಮೂರೂಕಾಲು

ಅಕ್ಕಾ,

ನನ್ನ ಪುಸ್ತಕದಲ್ಲಿ ಹಾಲೂ ಇಲ್ಲ, ಬಟ್ಟೆಯೂ ಇಲ್ಲ. ‘ಉಸಿರಿದೆ’ ಎಂದು ಇದೆ. ಅದೊಂದೇ ಪದ. ಮೂಗಿನ ಹತ್ತಿರ ಕೈಯಿಟ್ಟು ನೋಡಿ ಬರೆಯುತ್ತೇನೆ. ಮೊದಲು ಗಂಟೆಗೊಂದು ಸಲ ಇತ್ತು, ಈಗ ಕಾಲು ಗಂಟೆಗೆ ಬಂದಿದೆ. ಇದು ನಾಲ್ಕನೇ ಪುಸ್ತಕ. ಈ ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಬಂದೆ.

ಮಗುವಿಗೆ ಎರಡು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಮಲಗಿಕೊಂಡೇ ಹಾಲು ಕುಡಿಸುತ್ತಿದ್ದೆ. ಫ್ಯಾನಿನ ಸದ್ದು ಕೇಳುತ್ತಿದ್ದದ್ದು ನೆನಪಿದೆ. ಆಮೇಲೆ ಅತ್ತೆಯ ಕಿರುಚು. ಕಣ್ಣು ಬಿಟ್ಟರೆ ಮಗುವಿನ ಮೂಗಿನ ತುಂಬ ಹಾಲು, ತುಟಿ ನೀಲಿ. ಅತ್ತೆ ಅವಳನ್ನು ಕಿತ್ತುಕೊಂಡು, ಬೋರಲು ಹಾಕಿ, ಬೆನ್ನು ತಟ್ಟಿದರು. ಅತ್ತಳು. ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದರು. ಇವರು ಓಡಿಬಂದು ಏನಾಯಿತೆಂದು ಕೇಳಿದಾಗ ಅತ್ತೆ ನನ್ನ ಮುಖ ನೋಡದೆ, “ಇವಳು ಅಡುಗೆಮನೆಗೆ ಹೋಗಿದ್ಳು, ಮಗು ಒಂದೇ ಇತ್ತು” ಅಂದರು. ಅವತ್ತಿನಿಂದ ನಾವಿಬ್ಬರೂ ಆ ಮಾತು ಎತ್ತಿಲ್ಲ. ನನ್ನ ಬಾಯಲ್ಲಿ ಸತ್ಯ ಇದುವರೆಗೆ ಬಂದಿಲ್ಲ. ನಾನು ನಿದ್ದೆ ಹೋಗಿದ್ದೆ, ಅಕ್ಕಾ.

ದೀರ್ಘ ಬಿಟ್ಟುಹೋಗಿದೆ ಎಂದು ನನಗೆ ಮೊದಲ ಸಲ ಓದಿದಾಗಲೇ ಗೊತ್ತಾಯಿತು. ಕೆಂಪು ಪೆನ್ನು ಕೈಯಲ್ಲೇ ಇತ್ತು. ಮುಚ್ಚಳ ಹಾಕಿ ಇಟ್ಟುಬಿಟ್ಟೆ. ಬದುಕಿನಲ್ಲಿ ಮೊದಲ ಸಲ ಒಂದು ತಪ್ಪನ್ನು ತಪ್ಪಾಗಿಯೇ ಇರಲು ಬಿಟ್ಟೆ. ಇವರು ಟೋಪಿ ಎತ್ತಿಡುವುದನ್ನು ನೋಡಿಯೂ ಬಾಯಿ ಬಿಡಲಿಲ್ಲ.

ಹದ್ದಿಗೆ ನಾನು ಹೆದರಿಲ್ಲ. ನಲವತ್ಮೂರು ಕೇಳಿ ಕೇಳದೇ ಬಿಟ್ಟದ್ದು ಇದು: ಅಲ್ಲಿ ಅತ್ತೆ ಇರುವುದಿಲ್ಲವಲ್ಲ, ನಾನು ನಿದ್ದೆ ಹೋದರೆ ಕಿರುಚುವವರು ಯಾರು? ಎಂಥವರನ್ನೂ ನಿನ್ನ ಗಾಳಿ ಕೆಡವುತ್ತದೆ ಎಂದು ಬರೆದಿದ್ದೆಯಲ್ಲ, ಆ ಸಾಲು ಓದಿದ ದಿನದಿಂದಲೇ ಬ್ಯಾಗು ತುಂಬುವುದು, ತೆಗೆಯುವುದು ಶುರುವಾಯಿತು. ನಿನ್ನ ಹತ್ತಿರ ಬಂದರೆ ನನಗೆ ಖಂಡಿತ ನಿದ್ದೆ ಬಂದುಬಿಡುತ್ತದೆ. ನನಗೆ ಭಯ ಇರುವುದು ಅದಕ್ಕೇ.

ಮೊನ್ನೆ ಇವರು ಕೊಡೆಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ಯಾರೋ ತಲೆ ಬಗ್ಗಿಸಿ ನಿಂತಿದ್ದಾರೆ ಎಂದುಕೊಂಡು ಅದರ ಜೊತೆ ಮಾತಾಡಿದೆ. ಇದನ್ನು ಓದಿ ನಗು ಬಂದರೆ ನಗು. ನನಗೆ ಬರಲಿಲ್ಲ.

ಮೂರೂವರೆ ಆಯಿತು. ಹೋಗಿ ನೋಡಬೇಕು.


ಮೇ 12
(ನಾಲ್ಕನೇ ಪುಸ್ತಕದ ಕೊನೆಯ ಹಾಳೆಗಳಲ್ಲಿ)

ಗುಬ್ಬಿ,

ನಿನ್ನ ಕಾಗದಕ್ಕೆ ಉತ್ತರ ಅಂಚೆಗೆ ಹಾಕಿದ್ದರೆ ಮೂರು ದಿನ ಹಿಡೀತಿತ್ತು, ಅದಕ್ಕೆ ನಾನೇ ಬಂದೆ. ಎದ್ದ ಮೇಲೆ ಓದಲಿ ಅಂತ ಇಲ್ಲೇ ಬರೆದಿಡ್ತಿದ್ದೀನಿ. ಎದುರಿಗೆ ಹೇಳಿದರೆ ನೀನು ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತೀಯ.

ಆರು ವರ್ಷದಲ್ಲಿ ನಾನು ತೆಗೆದ ಮೊದಲ ಉದ್ದ ರಜ ಇದು. ಬೇಸಿಗೆ, ಕಾಡು ಒಣಗಿದೆ, ಬಿಟ್ಟು ಬರೋ ಕಾಲ ಅಲ್ಲ. ಆದರೆ ತಾತ ಸಹಿ ಹಾಕಿದ. ಕಾಡು ಅವನದು.

ಹನ್ನೊಂದು ಗಂಟೆ. ನೀನು ‘ಕಾವಲು ಒಪ್ಪಿಸಿದೆ’ ಅಂತ ಬರೆದೆ. ಒತ್ತಕ್ಷರ ಪಕ್ಕದ ಮನೆಗೆ ಹೋಗಿದೆ, ನಾನು ತಿದ್ದಲ್ಲ. ಕೆಳಗೆ ನಾನು ಬರೆದೆ: ಕಾವಲು ವಹಿಸಿಕೊಂಡೆ. ಸಂಜೆ ಏಳರವರೆಗೆ ಮಗು ನಿಂದಲ್ಲ, ನಂದು. ಉಸಿರಿದೆ.

ಹನ್ನೆರಡು. ಉಸಿರಿದೆ. ತಾಯಿ ಮಲಗಿಲ್ಲ, ಬಾಗಿಲ ಸಂದಿನಲ್ಲಿ ಒಂದು ಕಣ್ಣು ಕಾಣಿಸ್ತಿದೆ. ಮೂರು ಬೆಟ್ಟದಾಚೆ ಹೊಗೆ ನೋಡೋಳಿಗೆ ಮೂರು ಮೊಳದಾಚೆ ತಂಗಿ ಕಾಣಲ್ವಾ? ಹೋಗಿ ಮಲಗು.

ಒಂದು. ಉಸಿರಿದೆ. ನನ್ನ ಕನ್ನಡಕ ಹೋಯಿತು. ಬಾಗಿಲ ಸಂದಿನಲ್ಲಿ ಯಾರೂ ಇಲ್ಲ.

ಎರಡು. ನಿಮ್ಮತ್ತೆ ಬಂದು ಪಕ್ಕದಲ್ಲಿ ಕೂತರು. ಪುಸ್ತಕದಲ್ಲಿ ಸಾಲುಸಾಲು ‘ಉಸಿರಿದೆ’ ಓದಿ, “ನಾನೂ ಹಾಗೇ ಕಣಮ್ಮ, ಇವನು ಮೂರು ತಿಂಗಳಿದ್ದಾಗ. ಮಲಗಿಬಿಟ್ಟಿದ್ದೆ. ನಮ್ಮತ್ತೆ ನೋಡಿದ್ರು. ಅವರೂ ಯಾರಿಗೂ ಹೇಳಲಿಲ್ಲ. ಅದಕ್ಕೇ ನಾನೂ ಹೇಳಲಿಲ್ಲ. ಇವಳಿಗಾದ್ರೂ ಹೇಳ್ಬೇಕಿತ್ತು” ಅಂದರು. ಸಂಜೆ ಅವರೇ ಹೇಳ್ತಾರಂತೆ. ನೀನು ಗೊತ್ತಿಲ್ಲದ ಹಾಗೆ ಕೇಳಿಸಿಕೋ.

ಮೂರು. ಇಬ್ಬರದೂ ಉಸಿರಿದೆ. ನಿನ್ನದು ಪಕ್ಕದ ಕೋಣೆಗೂ ಕೇಳಿಸ್ತಿದೆ. ಇಪ್ಪತ್ತೆರಡನೇ ಪ್ರಶ್ನೆಗೆ ಉತ್ತರ: ಬಂಗಲೆಯ ಗೋಡೆ ಮೇಲಿನವರೆಗೆ ಇಲ್ಲ. ಈ ಗೊರಕೆ ಅಲ್ಲೂ ಕೇಳಿಸುತ್ತೆ.

ನಾಲ್ಕು. ಲಿಫ್ಟ್ ಸಾಹೇಬರು ಬೇಗ ಬಂದರು. ಎಲ್ಲಾ ಹೇಳಿದೆ. ನಾನು ಹೇಳಬಾರದಿತ್ತು ಅಂತ ಬೈಕೋ, ಪರವಾಗಿಲ್ಲ. ಅವರು ನಿನ್ನ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಬಹಳ ಹೊತ್ತು ಕೂತಿದ್ದರು. ಆಮೇಲೆ ಟೂಲ್ ಬಾಕ್ಸ್ ತೆಗೆದು ಸ್ಪಾನರುಗಳ ಕೆಳಗಿಂದ ಟಿಕೆಟ್ ತಂದು ತೋರಿಸಿದರು. ವಾಪಸು ಮಾಡೇ ಇಲ್ಲ. “ಅವತ್ತೇ ಆಫೀಸಿಗೆ ಫೋನ್ ಮಾಡಿದ್ದೆ ಅಕ್ಕ, ಬೆಂಕಿ ಇಲ್ಲ ಅಂದ್ರು. ಹೇಳಿದ್ರೆ ಇವಳು ಇನ್ನೊಂದು ಬೆಂಕಿ ಹುಡುಕ್ತಾಳೆ ಅಂತ ಸುಮ್ಮನಾದೆ” ಅಂದರು.

ಐದು. ಉಸಿರಿದೆ, ಉಸಿರಿದೆ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋದು. ಮಗುವನ್ನ ತೋರಿಸೋಕಲ್ಲ, ನಿನ್ನನ್ನ. ಕೊಡೆ ವಿಷಯ ನಾನು ನಗೋಕೆ ಓದಲಿಲ್ಲ. ನಿದ್ದೆಗೆ ದಾರಿ ಏನು ಅಂತ ಅವರು ಹೇಳಲಿ. ನಾಡಿದ್ದು ಹದಿನಾಲ್ಕು. ಡಾಕ್ಟರು ಹೂಂ ಅಂದರೆ ಬಸ್ಸು, ಬೇಡ ಅಂದರೆ ನನ್ನ ರಜ ಇಲ್ಲೇ ಕಳೀತೀನಿ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ.

ಆರು. ಚಿಲ್ಟಾರಿ ಎದ್ದು ಆಡ್ತಿದ್ದಾಳೆ. ತಾಯಿ ಮಗ್ಗುಲು ಬದಲಿಸಿ ಮತ್ತೆ ಮಲಗಿದಳು. ಕೆಂಪು ಪೆನ್ನು ಅವಳ ದಿಂಬಿನ ಪಕ್ಕ ಇತ್ತು, ಎತ್ತಿಟ್ಟೆ.

ಏಳು. ಪಾಳಿ ಮುಗೀತು. ನೀನು ಎದ್ದಿಲ್ಲ, ಎಬ್ಬಿಸಲ್ಲ. ಇನ್ನೊಂದು ಪಾಳಿ ನಾನೇ ವಹಿಸಿಕೊಂಡೆ, ಆಮೇಲಿನದಕ್ಕೆ ನಿಮ್ಮತ್ತೆ, ಅದರ ಆಚೆಗೆ ನಿಮ್ಮವರು. ಮೂವರೂ ಕೆಳಗೆ ಸಹಿ ಹಾಕಿದ್ದೇವೆ, ನೋಡಿಕೋ.

ಎದ್ದ ಕೂಡಲೇ ‘ಎಷ್ಟು ಹೊತ್ತಾಯಿತು, ಮಗು ಎಲ್ಲಿ, ಯಾಕೆ ಎಬ್ಬಿಸಲಿಲ್ಲ’ ಅಂತ ಓಡಿಬರ್ತೀಯ, ಗೊತ್ತು. ಉತ್ತರ ಈಗಲೇ ಬರೆದಿಡ್ತೀನಿ, ಈ ಸಲ ದೀರ್ಘ ಎರಡು ಸಲ ತೀಡಿದ್ದೀನಿ:

ಹೋಗೆ.